ಎರಡು ಮುಚ್ಚಳ ಔಷಧಿ

ಆ ಮಧ್ಯಾಹ್ನ ನಾನು ಏನಂದೆ ಎಂಬುದು ನನಗೆ ಖಚಿತವಿಲ್ಲ. ಅಂದದ್ದು ಒಂದೇ ಪದ. ‘ದ್ರಾಕ್ಷಿ’ ಅಂದೆ ಎಂದು ನನ್ನ ನೆನಪು ಹೇಳುತ್ತದೆ. ‘ವೈನ್’ ಅಂದಿ ಎಂದು ನನ್ನ ತಂಗಿ, ಅಂದರೆ ದೊಡ್ಡಪ್ಪನ ಮಗಳು, ಹೇಳುತ್ತಾಳೆ. ಅವಳು ಬಾಗಿಲ ಬಳಿಯೇ ನಿಂತಿದ್ದಳು. ಅದೇ ತಂಗಿ, ಅವತ್ತು ಕಾಲುವೆ ಒಣಗಿತ್ತು ಎಂದೂ ಹೇಳುತ್ತಾಳೆ. ನನಗಾದರೆ ದೊಡ್ಡಪ್ಪನ ಗಿರಣಿಯ ಹಿಂದೆ ನೀರು ತುಂಬಿ ಹರಿಯುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಅದು ಶಾಲೆಗಳಿಗೆ ರಜೆ ಇದ್ದ ಬೇಸಿಗೆ. ಆ ದಿನಗಳಲ್ಲಿ ಕಂಪ್ಲಿಯ ಕಾಲುವೆಗೆ ನೀರು ಬಿಡುವುದಿಲ್ಲ ಎಂಬುದು ನನಗೂ ಗೊತ್ತು. ಇಲ್ಲದ ನೀರಿನ ಸದ್ದನ್ನು ಹುಟ್ಟಿಸಿಕೊಂಡ ತಲೆ ಅನ್ನದ ಪದವೊಂದನ್ನು ಹುಟ್ಟಿಸಿಕೊಳ್ಳುವುದು ಏನು ದೊಡ್ಡದು?

ಆ ಒಂದು ಪದದಿಂದ ಒಬ್ಬ ಹೆಂಗಸಿಗೆ ಸಿಗಬೇಕಾಗಿದ್ದ ಕೆಲಸ ತಪ್ಪಿತು, ಕೇರಿಯಲ್ಲಿ ಹೆಸರು ಕೆಟ್ಟಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಯಾರ ಮೇಲಿನ ಸಿಟ್ಟು ಎಂಬುದು ಮಾತ್ರ ನಡುನಡುವೆ ಬದಲಾಗುತ್ತಾ ಹೋಗಿದೆ.

ನಾನು ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿ, ಹೊಸಪೇಟೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ. ಎಂ.ಎ.ಗೆ ಬರೆದ ಪ್ರಬಂಧ ನಮ್ಮ ಭಾಗದ ಆಚರಣೆಗಳಲ್ಲಿ ಕುಡಿತದ ಸ್ಥಾನವನ್ನು ಕುರಿತದ್ದು. ಅದರ ಅರ್ಧ ಭಾಗ ಹುಟ್ಟಿದ್ದು ಕಂಪ್ಲಿಯಲ್ಲಿ ದೊಡ್ಡಪ್ಪನ ಮನೆಗೂ ಅಕ್ಕಿ ಗಿರಣಿಗೂ ಸೇರಿದ ಹಿತ್ತಲಲ್ಲಿ, ಒಂದು ಒಲೆಯ ಎದುರಿಗೆ. ಅಲ್ಲಿ ಗಿರಣಿಯ ಹಮಾಲರಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದವಳನ್ನು ನಾವೆಲ್ಲ ‘ರೊಟ್ಟಿ ಅಕ್ಕ’ ಎನ್ನುತ್ತಿದ್ದೆವು. ಕಾಲುವೆಯಾಚೆಯ ಕೇರಿಯವಳು, ತವರು ಪಾಪಿನಾಯಕನಹಳ್ಳಿ. ಇಪ್ಪತ್ತು ವರ್ಷ ನಮ್ಮ ಹಿತ್ತಲಲ್ಲಿ ರೊಟ್ಟಿ ಮಾಡಿದರೂ ಅಡುಗೆಮನೆಯ ಹೊಸ್ತಿಲು ದಾಟಿದವಳಲ್ಲ. ಅವಳ ರೊಟ್ಟಿ ಹಮಾಲರಿಗೆ, ನಮ್ಮ ರೊಟ್ಟಿ ದೊಡ್ಡಮ್ಮನದು. ನಾನೊಬ್ಬ ಹಿತ್ತಲಲ್ಲಿ ಕೂತು ಅವಳದನ್ನೇ ತಿನ್ನುತ್ತಿದ್ದೆ. ಓದಿದವನ ಹುಚ್ಚು ಎಂದು ಮನೆಯವರು ಸುಮ್ಮನಿದ್ದರು.

“ನಮ್ಮವ್ವಗ ಸೇಂದಿ ಇಲ್ಲಂದ್ರ ಹಬ್ಬಾನ ಆಗ್ತಿದ್ದಿಲ್ರಿ,” ಎಂದು ಅವಳು ತಮ್ಮೂರ ದೇವಿಯ ಬಗ್ಗೆ ಹೇಳುತ್ತಿದ್ದಳು. ಈಚಲ ಮರದಿಂದ ಇಳಿಸಿದ ಸೇಂದಿಯನ್ನು ಮೊದಲು ದೇವಿಯ ಮುಂದಿಟ್ಟು ಆಮೇಲೆ ಒಂದೊಂದು ಗುಟುಕು ಎಲ್ಲರಿಗೂ, ಮಕ್ಕಳಿಗೂ. “ಈಗ ಸೇಂದಿ ಬಂದ್ ಆತಲ್ರಿ. ಅದಕ್ಕ ವೈನ್ಸ್‌ನಾಗಿಂದ ಕ್ವಾರ್ಟರ್ ತರ್ತಾರ. ಅವ್ವ ಏನ್ ಮಾಡ್ತಾಳ ಪಾಪ, ಕೊಟ್ಟದ್ದು ಕುಡೀತಾಳ. ಅಕಿನೂ ರೊಕ್ಕ ಕೊಟ್ಟು ತರ್ಸಾಕಾಗತೈತೇನು?”

“ನೀನು ಕುಡದೀಯೇನಕ್ಕ?”

“ಸಣ್ಣಾಕಿದ್ದಾಗ ಒಂದು ಗುಟುಕು. ಹುಳಿ ಮಜ್ಜಿಗಿ ಇದ್ದಂಗಿತ್ತು. ಬರಕೊಳ್ರಿ ಬರಕೊಳ್ರಿ, ಇದನ್ನೂ ಬರಕೊಳ್ರಿ ಮೇಷ್ಟ್ರ. ನಾ ಸೇಂದಿ ಕುಡದದ್ದಕ್ಕ ನಿಮಗ ಡಿಗ್ರಿ ಕೊಡ್ತಾರಂದ್ರ ಇನ್ನೊಂದು ಗುಟುಕು ಕುಡೀತಿದ್ದೆ!”

ಬರೆದುಕೊಂಡೆ. ಡಿಗ್ರಿಯೂ ಬಂತು. ಪ್ರಬಂಧದಲ್ಲಿ ಅವಳು ‘ನಲವತ್ತು ವರ್ಷ ವಯಸ್ಸಿನ ಮಹಿಳಾ ಮಾಹಿತಿದಾರರು’.

ಇನ್ನು ದೊಡ್ಡಪ್ಪ. ಅವರು ಎಷ್ಟು ಕಟ್ಟುನಿಟ್ಟಿನ ಶೈವರೆಂದರೆ, ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವ ದಾರಿಯಲ್ಲಿ ವೈನ್ಸ್ ಅಂಗಡಿ ಬರುತ್ತದೆಂದು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದು, ಅಂಗಡಿ ಕಳೆದ ಮೇಲೆ ಮತ್ತೆ ಈಚೆಗೆ ದಾಟುತ್ತಿದ್ದರು. ಎದೆಯ ಮೇಲಿನ ಲಿಂಗಕ್ಕೆ ತೋರಿಸದೆ ಹನಿ ನೀರನ್ನೂ ಬಾಯಿಗೆ ಹಾಕಿದವರಲ್ಲ. ಎರಡೂ ಹೊತ್ತು ಊಟವಾದ ಮೇಲೆ ದೇವರ ಜಗುಲಿಯ ಪಕ್ಕದ ಗೂಡಿನಿಂದ ಕಂದು ಬಣ್ಣದ ಬಾಟಲಿ ತೆಗೆದು, ಎರಡು ಮುಚ್ಚಳ ಅಳೆದು, ಸಣ್ಣ ಸ್ಟೀಲ್ ಲೋಟಕ್ಕೆ ಹಾಕಿ, ಅಷ್ಟೇ ನೀರು ಬೆರೆಸಿ, ಲಿಂಗಕ್ಕೆ ತೋರಿಸಿ ಕುಡಿಯುತ್ತಿದ್ದರು. ಕುಡಿದ ಮೇಲೆ ಮುಖ ಒಂದಿಷ್ಟು ಸಡಿಲವಾಗುತ್ತಿತ್ತು. ಮನೆಯಲ್ಲಿ ಏನಾದರೂ ಕೇಳುವುದಿದ್ದರೆ ಆ ಹೊತ್ತಿಗೆ ಕಾಯುತ್ತಿದ್ದೆವು. ಅದಕ್ಕೆ ‘ದ್ರಾಕ್ಷಿ ಔಷಧಿ’ ಎಂದು ಹೆಸರು. ಬೇರೆ ಹೆಸರು ಇರಬಹುದೆಂದು ನನಗೆ ಹೊಳೆದಿರಲೇ ಇಲ್ಲ. ಜೀರ್ಣಕ್ಕೆ ಕೊಡುವ ಯಾವುದೋ ಸಿರಪ್ಪು ಇರಬೇಕು ಎಂದುಕೊಂಡಿದ್ದೆ. ಬಾಟಲಿ ಕೈಗೆತ್ತಿಕೊಂಡು ಒಮ್ಮೆಯೂ ಓದಿರಲಿಲ್ಲ. ಊರವರ ಕುಡಿತವನ್ನೆಲ್ಲ ಓದಲು ಹೊರಟವನು ಸ್ವಂತ ಮನೆಯ ಗೂಡಿನಲ್ಲಿದ್ದ ಬಾಟಲಿಯನ್ನು ಓದಿರಲಿಲ್ಲ.

ಆ ಬೇಸಿಗೆಯಲ್ಲಿ ಗಿರಣಿಯ ಹಿಂದಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳೊಬ್ಬಳು ಕೆಲಸ ಬಿಟ್ಟಳು. ರೊಟ್ಟಿ ಅಕ್ಕನ ಮೊಮ್ಮಗಳು ಅದೇ ಶಾಲೆಗೆ ಹೋಗುತ್ತಿದ್ದಳು. ಅಕ್ಕನಿಗೆ ಆ ಕೆಲಸ ಬೇಕಾಗಿತ್ತು. ಗಿರಣಿಯ ಒಲೆಯ ಮುಂದೆ ವರ್ಷವಿಡೀ ಬೇಯುವುದು ತಪ್ಪುತ್ತಿತ್ತು, ಅದಕ್ಕಿಂತ ಹೆಚ್ಚಾಗಿ, ಅವಳೇ ಹೇಳಿದಂತೆ, “ಮಮ್ಮಗಳ ತಾಟಿಗೆ ನಾನ ಬಡಸ್ತೀನಲ್ರಿ.” ಅರ್ಜಿ ಬರೆದುಕೊಟ್ಟವನು ನಾನು. ದೊಡ್ಡಪ್ಪನ ಮನೆತನ ಆ ಶಾಲೆಗೆ ಜಾಗ ಕೊಟ್ಟದ್ದು, ಅಕ್ಕ ಕೆಲಸ ಮಾಡುತ್ತಿದ್ದದ್ದೂ ಅವರಲ್ಲಿ. ಹೀಗಾಗಿ ಅವರೊಂದು ಮಾತು ಹೇಳಿದರೆ ಶಾಲಾ ಸಮಿತಿ ಒಪ್ಪುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪ ಹೇಳುತ್ತೇನೆ ಎಂದಿದ್ದರು.

ಇನ್ನೊಂದು ಸಂಗತಿಯೂ ಎಲ್ಲರಿಗೂ ಗೊತ್ತಿತ್ತು. ಕಾಲುವೆಯಾಚೆಯವಳು ಮಕ್ಕಳಿಗೆ ಅನ್ನ ಬೇಯಿಸುವುದು ಸಮಿತಿಯಲ್ಲಿ ಕೆಲವರಿಗೆ ಬೇಡವಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವ ಕಾಲ ಇದಲ್ಲ. ಅವರು ಒಂದು ನೆಪಕ್ಕೆ ಕಾಯುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಹೆಡ್‌ಮಾಸ್ತರರೂ ಸಮಿತಿಯ ಅಧ್ಯಕ್ಷರೂ ನಡಾವಳಿ ಪುಸ್ತಕ ಹಿಡಿದುಕೊಂಡು ಮನೆಗೇ ಬಂದರು. ದೊಡ್ಡಪ್ಪ ಔಷಧಿ ಕುಡಿದು ಪಡಸಾಲೆಯಲ್ಲಿ ಕೂತಿದ್ದರು. ಅಕ್ಕನನ್ನು ಕರೆಸಿದರು. ಅವಳು ಬಂದು ಪಡಸಾಲೆಯ ಕೆಳಗಿನ ಮೆಟ್ಟಿಲ ಮೇಲೆ ನಿಂತಳು. ಮುಖ ಬಾಡಿತ್ತು. ಬೆಳಿಗ್ಗೆಯಿಂದ ಅವಳಿಗೆ ಹುಷಾರಿರಲಿಲ್ಲ ಎಂದು ಆಮೇಲೆ ತಿಳಿಯಿತು.

“ಇಕಿ ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಅದಾಳ್ರಿ. ಕೈ ಸ್ವಚ್ಛ, ಬಾಯಿ ಸ್ವಲ್ಪ ಜೋರು,” ಎಂದು ದೊಡ್ಡಪ್ಪ ನಗುತ್ತಲೇ ಶುರು ಮಾಡಿದರು. ಎದ್ದು ಅವಳ ಕಡೆ ಎರಡು ಹೆಜ್ಜೆ ಇಟ್ಟರು. ನಿಂತರು. ಮೂಗು ಅರಳಿಸಿದರು.

“ಏನ್ ವಾಸ್ನಿ ಇದು?”

ಅಕ್ಕ ಸೆರಗು ಬಾಯಿಗೆ ಹಿಡಿದಳು. “ಔಷಧಿ ರೀ ಸಾವ್ಕಾರ್ರ. ತಲಿ ತಿರುಗ್ತಿತ್ತು, ಅದಕ್ಕ...”

“ಯಾವ ಔಷಧಿ? ವೈನ್ಸ್ ಅಂಗಡಿ ಔಷಧಿ ಏನು?”

ಅವಳು ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ದೊಡ್ಡಮ್ಮ ನಿಂತಿದ್ದರು. ದೊಡ್ಡಮ್ಮ ಏನೂ ಹೇಳಲಿಲ್ಲ. ಅಕ್ಕನೂ ಮುಂದೆ ಹೇಳಲಿಲ್ಲ.

“ನಮಗ ಇವೆಲ್ಲಾ ಗೊತ್ತಾಗಂಗಿಲ್ರಿ, ನಾವು ಮುಟ್ಟಿದವರಲ್ಲ,” ಎಂದು ಅಧ್ಯಕ್ಷರು ಹೆಡ್‌ಮಾಸ್ತರರ ಕಡೆ ತಿರುಗಿದರು. ಆಗ ದೊಡ್ಡಪ್ಪ ನನ್ನ ಕಡೆ ಕೈ ಮಾಡಿದರು.

“ಲೇ, ನೀ ಹಂಪಿ ಕಡೆ ಫಾರಿನ್‌ನವರಿಗೆ ಕುಡಿಯೂ ಪಾಠ ಮಾಡ್ತಿಯಲ್ಲ. ಬಾ ಇಲ್ಲಿ. ಹೇಳು, ಏನಿದು?”

ನಾನು ಹೋದೆ. ಹೋಗಬಾರದಾಗಿತ್ತು. ‘ಒಬ್ಬ ಹೆಂಗಸಿನ ಬಾಯಿ ಮೂಸಿ ನೋಡುವುದು ನನ್ನ ಕೆಲಸವಲ್ಲ’ ಎಂದು ಹೇಳಬಹುದಿತ್ತು. ಅದು ಹೊಳೆಯಲಿಲ್ಲ, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದ ಹುಡುಗನಂತೆ ಹೋದೆ. ಅವಳ ಮುಂದೆ ನಿಂತೆ. ಹುಳಿತ ದ್ರಾಕ್ಷಿಯ ವಾಸನೆ ಬಂತು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಒಂದು ಪದ ಹೇಳಿದೆ.

‘ದ್ರಾಕ್ಷಿ’ ಎಂದಿದ್ದರೆ ಆ ಮನೆಯಲ್ಲಿ ಎಲ್ಲರ ಕಣ್ಣೂ ಗೂಡಿನ ಕಡೆ ಹೋಗುತ್ತಿತ್ತು. ದ್ರಾಕ್ಷಿ ಎಂದರೆ ಆ ಮನೆಯಲ್ಲಿ ಔಷಧಿ. ‘ವೈನ್’ ಎಂದಿದ್ದರೆ ನನ್ನ ಮಟ್ಟಿಗೆ ಅದೇ ಅರ್ಥ, ದ್ರಾಕ್ಷಿ ಹುಳಿತದ್ದು. ಪುಸ್ತಕ ಓದಿದವನ ಕರಾರುವಾಕ್ಕಾದ ಪದ. ಆದರೆ ನಮ್ಮೂರುಗಳಲ್ಲಿ ವೈನ್ ಎಂದರೆ ದ್ರಾಕ್ಷಿಯೊಂದನ್ನು ಬಿಟ್ಟು ಉಳಿದದ್ದೆಲ್ಲ. ವಿದ್ಯಾರ್ಥಿಗಳಿಗೆ ತೋರಿಸಲೆಂದು ಹೊಸಪೇಟೆಯ ವೈನ್ಸ್ ಅಂಗಡಿಯಲ್ಲಿ ಒಮ್ಮೆ ವೈನ್ ಕೇಳಿದ್ದೆ. ಕಂಬಿಯ ಹಿಂದಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ವೈನ್ ಸಿಗಂಗಿಲ್ಲಣ್ಣ, ಇದು ವೈನ್ಸು” ಅಂದಿದ್ದ. ಹಿಂದೆ ಸಾಲಿನಲ್ಲಿದ್ದವರು ನಕ್ಕಿದ್ದರು. ಆ ಪದದ ಅರ್ಥ ಎಲ್ಲಿ ಹೇಗೆ ತಿರುಗುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಹಾಗಿದ್ದೂ ಆ ಪದ ಬಳಸಿದೆನೆ? ಬಳಸಿಲ್ಲ ಎಂದೇ ನಾನು ನಂಬಿದ್ದೆ.

ಮುಂದಿನದು ಬೇಗ ಮುಗಿಯಿತು. ಹೆಡ್‌ಮಾಸ್ತರರು ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಬರೆದರು. ಅಧ್ಯಕ್ಷರು “ಸಣ್ಣ ಮಕ್ಕಳ ವಿಷ್ಯಾರಿ, ನೋಡ್ರಿ” ಎನ್ನುತ್ತಾ ಚಪ್ಪಲಿ ಹುಡುಕಿದರು. ಅವರ ಮುಖದಲ್ಲಿ ಬೇಸರವಿರಲಿಲ್ಲ, ನಿರಾಳವಿತ್ತು. ಅಕ್ಕ ಹಿತ್ತಲಿಗೆ ಹೋಗಿ ಬಾಕಿ ಉಳಿದಿದ್ದ ಹಿಟ್ಟು ನಾದಿ, ಹಮಾಲರ ರೊಟ್ಟಿ ಪೂರ್ತಿ ಬಡಿದಿಟ್ಟು ಹೋದಳು. ಮರುದಿನ ಬರಲಿಲ್ಲ. ಆ ವಾರದಲ್ಲೇ ಸಂಡೂರಿನ ಕಡೆ ಹೋದಳಂತೆ ಎಂದು ಹಮಾಲರು ಹೇಳಿದರು.

ಆ ದಿನಗಳಲ್ಲಿ ನನಗೆ ಸಿಟ್ಟು ಬಂದದ್ದು ದೊಡ್ಡಪ್ಪನ ಮೇಲೆ, ಸಮಿತಿಯ ಮೇಲೆ. ಸ್ವಲ್ಪ ಅಕ್ಕನ ಮೇಲೂ. ಅವತ್ತೇ ಯಾಕೆ ಕುಡಿಯಬೇಕಾಗಿತ್ತು ಎಂದು! ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಈ ಒಂದು ನೆನಪಿನ ಬಗ್ಗೆ ನನಗೆ ಸಂಶಯವಿಲ್ಲ.

ಕುಡಿಯುವ ಪಾಠ ಎಂದು ದೊಡ್ಡಪ್ಪ ಹೇಳಿದ್ದು ಇದು. ಕಡ್ಡಿರಾಂಪುರದ ಹತ್ತಿರದ ಒಂದು ರೆಸಾರ್ಟಿನಲ್ಲಿ ಪ್ರವಾಸಿಗಳ ಕಾಲ ಬಂದಾಗ ಸಂಜೆಗೊಂದು ಕಾರ್ಯಕ್ರಮವಿರುತ್ತದೆ. ಹುಲ್ಲಿನ ಮೇಲೆ ಮೇಜು, ಹಿಂದೆ ಬಂಡೆಗಳ ಗುಡ್ಡ, ಪ್ರತಿಯೊಬ್ಬರ ಮುಂದೆ ಮೂರು ಗಾಜಿನ ಲೋಟ. ನಾನು ನಿಂತು ವಿಜಯನಗರದ ಕಾಲದ ಪಾನೀಯಗಳ ಬಗ್ಗೆ ಅರ್ಧ ಗಂಟೆ ಮಾತಾಡಬೇಕು. ಹಿಂದಿನ ಕಾಲದ ಪ್ರವಾಸಿಗಳು ಬರೆದಿಟ್ಟದ್ದರಲ್ಲಿ ದ್ರಾಕ್ಷಾರಸದ ಮಾತು ಎಷ್ಟಿದೆ, ಇದೆಯೋ ಇಲ್ಲವೋ ಎಂದು ನಾನು ಸರಿಯಾಗಿ ನೋಡಿರಲಿಲ್ಲ. ಮ್ಯಾನೇಜರರು “ಸರ್, ಸ್ವಲ್ಪ ರಾಜರು-ರಾಣಿಯರನ್ನ ಹಾಕ್ರಿ” ಎಂದಿದ್ದರು. ಹಾಕುತ್ತಿದ್ದೆ.

ಆ ವರ್ಷ ಡಿಸೆಂಬರಿನಲ್ಲಿ ಚಳಿ ಎಂದು ಹೊಸದೊಂದು ಮಾಡಿದ್ದರು: ಕೆಂಪು ವೈನಿಗೆ ಬೆಲ್ಲ, ಚಕ್ಕೆ, ಲವಂಗ, ಏಲಕ್ಕಿ ಹಾಕಿ ಬಿಸಿ ಮಾಡಿ ಕೊಡುವುದು. ಬಡಿಸುತ್ತಿದ್ದವನು ಪಾಪಿನಾಯಕನಹಳ್ಳಿಯವನು, ಗುರುತಿನವನು. ನನ್ನ ಕೈಗೂ ಒಂದು ಲೋಟ ಕೊಟ್ಟ. ಮೂಗಿನ ಹತ್ತಿರ ತಂದೆ.

ಮೊದಲು ನೆನಪಾದದ್ದು ಕಂಪ್ಲಿಯ ಪಡಸಾಲೆ, ಮಧ್ಯಾಹ್ನದ ಊಟವಾದ ಮೇಲಿನ ಸ್ಟೀಲ್ ಲೋಟ, ಮುಖ ಸಡಿಲಿಸಿ ಕೂತ ದೊಡ್ಡಪ್ಪ. ಅದಾದ ಮೇಲೆ ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕ. ಎರಡಕ್ಕೂ ಒಂದೇ ವಾಸನೆ. ಎದುರಿಗೆ ಒಬ್ಬ ಹೆಂಗಸು ಲೋಟವನ್ನು ತಿರುಗಿಸುತ್ತಾ ಕಣ್ಣು ಮುಚ್ಚಿ ಮೂಸಿ, ಪಕ್ಕದವರಿಗೆ ಅದರ ಪರಿಮಳ ವಿವರಿಸುತ್ತಿದ್ದಳು. ಎಲ್ಲರೂ ಗೌರವದಿಂದ ಕೇಳುತ್ತಿದ್ದರು. ಬಡಿಸುವವನು ನನ್ನ ಕಿವಿಯಲ್ಲಿ, “ಸರ್, ಇದಾ ವಾಸ್ನಿ ನಮ್ಮೂರಾಗ ಯಾರರ ಬಾಯಾಗ ಬಂದ್ರ ಒದೀತಾರ. ಇಲ್ಲಿ ಚಪ್ಪಾಳಿ,” ಅಂದ. ಅವನಿಗೆ ಅಕ್ಕನ ವಿಷಯ ಗೊತ್ತಿರಲಿಲ್ಲ. ಅವನು ತಮಾಷೆಗೆ ಅಂದದ್ದು. ನಾನು ಅವತ್ತು ರಾಜರಾಣಿಯರನ್ನು ಅರ್ಧಕ್ಕೇ ಬಿಟ್ಟು, ಹೊಟ್ಟೆ ಸರಿಯಿಲ್ಲವೆಂದು ಹೇಳಿ ಹೊರಟೆ.

ಮರುದಿನ ಕಂಪ್ಲಿಗೆ ಹೋದವನು ಮೊದಲು ಮನೆಗೆ ಹೋಗಲಿಲ್ಲ. ಬಜಾರಿನ ಆಯುರ್ವೇದ ಔಷಧಿ ಅಂಗಡಿಗೆ ಹೋಗಿ, ದೊಡ್ಡಪ್ಪ ಕುಡಿಯುವ ದ್ರಾಕ್ಷಿ ಔಷಧಿ ಕೊಡಿ ಎಂದೆ. ಅಂಗಡಿಯವರು ಮೇಲಿನ ಹಲಗೆಯಿಂದ ಅದೇ ಕಂದು ಬಾಟಲಿ ಇಳಿಸಿದರು. ‘ದ್ರಾಕ್ಷಾರಿಷ್ಟ’ ಎಂದಿತ್ತು.

“ಇದಕ್ಕ ದ್ರಾಕ್ಷಾರಿಷ್ಟ ಅಂತಾರೇನ್ರಿ?”

“ಹೆಸರು ಅದಾ. ನಿಮ್ಮ ದೊಡ್ಡಪ್ಪಾರು ಮಾತ್ರ ಅನ್ನಂಗಿಲ್ಲ. ಅರಿಷ್ಟ ಅಂದ್ರ ಕೇಡು, ಆ ಹೆಸರು ಮನಿಗೆ ಬ್ಯಾಡ ಅಂತಾರ. ಕಂಪ್ಲ್ಯಾಗ ಅರ್ಧ ಮಂದಿ ದ್ರಾಕ್ಷಿ ಔಷಧಿ ಅಂತಾನ ಕೇಳ್ತಾರ.”

ಬಾಟಲಿಯ ಹಿಂದೆ ಸಣ್ಣ ಅಕ್ಷರ ಓದಿದೆ. ಒಣದ್ರಾಕ್ಷಿ, ಬೆಲ್ಲ, ಚಕ್ಕೆ, ಏಲಕ್ಕಿ. ಕೊನೆಯ ಸಾಲಿನಲ್ಲಿ, ತಾನಾಗಿ ಉಂಟಾದ ಮದ್ಯಸಾರ ಇದರಲ್ಲಿದೆ ಎಂದು. ನಾನು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಅಂಗಡಿಯವರು ನಕ್ಕರು. “ತಾನಾಗಿ ಆಗಿದ್ರೀ. ಯಾರೂ ಹಾಕಿದ್ದಲ್ಲ. ಅದಕ್ಕ ಪಾಪ ಇಲ್ಲ!”

ಇಪ್ಪತ್ತು ವರ್ಷ ವೈನ್ಸ್ ಅಂಗಡಿಗೆ ಹೆದರಿ ರಸ್ತೆ ದಾಟಿದ ಮನುಷ್ಯ ಇಪ್ಪತ್ತು ವರ್ಷ ದಿನಕ್ಕೆರಡು ಸಲ ದ್ರಾಕ್ಷಿಯ ಮದ್ಯ ಕುಡಿದಿದ್ದರು. ವೈನ್ಸ್ ಅಂಗಡಿಯಲ್ಲಿ ಸಿಗದ ವೈನು ದೇವರ ಗೂಡಿನಲ್ಲಿತ್ತು. ಕುಡಿದರೆ ನನಗೇನು? ಅವರ ಆರೋಗ್ಯಕ್ಕೆ ಅದು ಒಳ್ಳೆಯದೇ ಇರಬಹುದು, ನಾನು ವೈದ್ಯನಲ್ಲ. ಬಾಣಂತಿಗೆ ಬ್ರಾಂದಿ ಕೊಡುವ ಮನೆಗಳನ್ನೂ ನಾನು ಕಂಡಿದ್ದೇನೆ, ಅದು ಅಲ್ಲಿ ಬಿಸಿಗೆಂದು ಕೊಡುವ ಮದ್ದು. ಒಂದೇ ದ್ರವ ಗೂಡಿನಲ್ಲಿ ಔಷಧಿ, ದೇವಿಯ ಮುಂದೆ ನೈವೇದ್ಯ, ರೆಸಾರ್ಟಿನ ಹುಲ್ಲಿನ ಮೇಲೆ ಸಂಸ್ಕೃತಿ ಎಂದು ನಾನೇ ತರಗತಿಯಲ್ಲಿ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ. ಹೇಳುವಾಗ ಅದು ಕುತೂಹಲದ ಸಂಗತಿಯಂತೆ ಕೇಳುತ್ತದೆ. ಕಾಲುವೆಯಾಚೆಯ ಹೆಂಗಸಿನ ಬಾಯಿಗೆ ಬಂದಾಗ ಮಾತ್ರ ಅದು ಅಪರಾಧವಾಗುತ್ತದಲ್ಲ, ಅದರಲ್ಲಿ ನನಗೆ ಯಾವ ಕುತೂಹಲವೂ ಕಾಣುವುದಿಲ್ಲ. ಅದು ಅನ್ಯಾಯ, ಅಷ್ಟೆ.

ಬಾಟಲಿಯನ್ನು ತಂದು ದೊಡ್ಡಪ್ಪನ ಮುಂದಿಟ್ಟೆ. ಅವರ ಊಟವಾಗಿತ್ತು.

“ದೊಡ್ಡಪ್ಪ, ಇದನ್ನ ಓದ್ರಿ.”

“ಚಸ್ಮಾ ಇಲ್ಲ. ನೀನ ಹೇಳು.”

ಹೇಳಿದೆ. ಅವರು ಕೇಳಿ, ಬಾಟಲಿಯನ್ನು ಒಂದು ಬದಿಗೆ ಸರಿಸಿದರು. “ಅದು ಔಷಧಿಲೇ.”

“ಅಕ್ಕ ಅವತ್ತು ಕುಡದದ್ದೂ ಇದಾ ಔಷಧಿ. ಅದಾ ವಾಸ್ನಿ.”

ಅವರು ಬಾಟಲಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಒಪ್ಪುತ್ತಾರೆ ಎಂದುಕೊಂಡೆ. ಆದರೆ ಅವರ ಬಾಯಿಂದ ಬಂದದ್ದು: “ಹಂಗಾದ್ರ ಅಕಿ ದೇವರ ಗೂಡಿಗೆ ಕೈ ಹಾಕಿ ಕಳುವು ಮಾಡ್ಯಾಳಂದಂಗಾತು.”

ಕುಡುಕಿ ಅಲ್ಲದಿದ್ದರೆ ಕಳ್ಳಿ. ಮೂರನೆಯ ದಾರಿಯೇ ಇರಲಿಲ್ಲ ಆಕೆಗೆ. ಆಗ ಅಡುಗೆಮನೆಯ ಬಾಗಿಲಿನಿಂದ ದೊಡ್ಡಮ್ಮನ ದನಿ ಬಂತು. ಅವತ್ತು ನಿಂತಿದ್ದ ಜಾಗದಲ್ಲೇ ನಿಂತಿದ್ದರು.

“ಕಳುವಲ್ಲ. ನಾ ಹಾಕಿ ಕೊಟ್ಟೆ.”

ದೊಡ್ಡಪ್ಪ ತಿರುಗಿ ನೋಡಿದರು.

“ಒಲಿ ಮುಂದ ತಲಿ ತಿರುಗಿ ಕುಂತಿದ್ಳು. ಮುಂಜಾನಿಂದ ಏನೂ ತಿಂದಿದ್ದಿಲ್ಲ. ನಿಮ್ಮ ಬಾಟ್ಲ್ಯಾಗಿಂದ ಎರಡು ಮುಚ್ಚಳ ಅಕಿ ಡಬ್ಬಿ ಮುಚ್ಚಳಕ್ಕ ಸುರುವಿದೆ. ಮ್ಯಾಲಿಂದ ಸುರುವಿದೆ, ಮುಟ್ಟಿಲ್ಲ, ಅಂಜಬ್ಯಾಡ್ರಿ.”

“ಅವತ್ತ ಹೇಳಾಕ ಏನಾಗಿತ್ತು ನಿನಗ?”

“ಲಿಂಗಕ್ಕ ತೋರ್ಸೂ ಬಾಟ್ಲಿ ಅಕಿಗೆ ಯಾಕ ತಗದಿ ಅಂತ ಎಲ್ಲಾರ ಮುಂದ ನನ್ನ ಕೇಳ್ತಿದ್ರಿ. ಅದಕ್ಕ ಹೇಳಲಿಲ್ಲ. ಅಕಿನೂ ನನ್ನ ಮಾರಿ ನೋಡಿ ಹೇಳಲಿಲ್ಲ. ಅಕಿ ನನ್ನ ಉಳಿಸಿದ್ಳು, ನಾ ಅಕಿನ್ನ ಉಳಿಸ್ಲಿಲ್ಲ.”

ದೊಡ್ಡಪ್ಪ ಎದ್ದು ಕೈ ತೊಳೆಯಲು ಹೋದರು. ಸಂಜೆಯ ಹೊತ್ತಿಗೆ ಗೂಡು ಖಾಲಿಯಾಗಿತ್ತು. ಬಾಟಲಿ ಅವರ ಕೋಣೆಯ ಬೀರುವಿಗೆ ಹೋಗಿ ಬೀಗ ಬಿದ್ದಿತ್ತು. ಕುಡಿಯುವುದು ನಿಲ್ಲಲಿಲ್ಲ, ಎಲ್ಲರೆದುರು ಕುಡಿಯುವುದು ನಿಂತಿತು.

ಅದೇ ಭಾನುವಾರ, ಹಮಾಲರಿಂದ ಗುರುತು ಕೇಳಿಕೊಂಡು ಸಂಡೂರಿಗೆ ಹೋದೆ. ಹೊಸಪೇಟೆಯಿಂದ ಬಸ್ಸು ಘಟ್ಟ ಹತ್ತಿ ಇಳಿಯುವಷ್ಟರಲ್ಲಿ ಅಂಗಿಯ ಕಾಲರು ಗಣಿ ಧೂಳಿಗೆ ಕೆಂಪಗಾಗಿತ್ತು. ಅದಿರಿನ ಲಾರಿಯವರು ಊಟ ಮಾಡುವ ಒಂದು ತಗಡಿನ ಖಾನಾವಳಿಯ ಹಿಂದೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

“ಬರ್ರಿ ವೈನ್ ಮೇಷ್ಟ್ರ! ಕುಂದ್ರಿ. ಇಲ್ಲೂ ಯಾರದರ ಬಾಯಿ ಮೂಸಾಕ ಬಂದ್ರೇನು? ಭಾಳ ಮಂದಿ ಡ್ರೈವರ್ ಅದಾರ, ಸಂಜೀತನ ಕೆಲ್ಸ ಸಿಗತೈತಿ ನಿಮಗ.”

ಕೂತೆ. ದೊಡ್ಡಮ್ಮ ಒಪ್ಪಿಕೊಂಡದ್ದನ್ನು ಹೇಳಿದೆ. ಅವಳು ರೊಟ್ಟಿ ತಿರುವಿ ಹಾಕಿ, “ಅಮ್ಮಾರು ಹೇಳಿದ್ರಾ? ಗಂಡನ ಮುಂದ?” ಎಂದು ಎರಡು ಸಲ ಕೇಳಿದಳು.

“ಅಕ್ಕ, ಅವತ್ತು ನಾ ಏನಂದೆ? ದ್ರಾಕ್ಷಿ ಅಂದ್ನಲ್ಲ?”

“ನನಗ ಕೇಳಿಸ್ಲಿಲ್ರಿ. ಕಿವ್ಯಾಗ ಗುಂಯ್ ಅಂತಿತ್ತು. ನೀವು ಬಂದು ಎದರಿಗೆ ನಿಂತದ್ದು ಅಷ್ಟ ಗೊತ್ತು.”

ವೈನ್ ಮೇಷ್ಟ್ರು ಎಂದು ಯಾಕೆ ಕರೆದಳೆಂದು ಕೇಳಲು ಬಾಯಿ ಬರಲಿಲ್ಲ. ರೆಸಾರ್ಟಿನ ಕೆಲಸಕ್ಕೆ ಇಟ್ಟ ಹೆಸರಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಸಮಿತಿಗೆ ಹೇಳಿ ಕೆಲಸ ಕೊಡಿಸುತ್ತೇನೆ ಎಂದೆ.

“ಕೆಲ್ಸ ಬ್ಯಾಡ್ರಿ. ಅಲ್ಲಿ ಬ್ಯಾರೆಯಾಕಿ ಬಂದಾಳ, ಅಕಿ ಹೊಟ್ಟಿ ಮ್ಯಾಲೆ ಯಾಕ ಹೊಡೀಲಿ? ಆದ್ರ ಆ ಬುಕ್ಕಿನ್ಯಾಗ ನಾ ಕುಡದು ಬಂದಿದ್ದೆ ಅಂತ ಬರದಾರಂತ. ಕಂಪ್ಲ್ಯಾಗ ಅವರವ್ವನ ಹತ್ರ ಉಳದ ನನ್ನ ಮಮ್ಮಗಳಿಗೆ ಸಾಲ್ಯಾಗ ಕುಡುಕಿ ಮಮ್ಮಗಳು ಅಂತಾರ. ಅದು ಊಟದ ಗಂಟಿ ಹೊಡದ್ರ ಮನಿಗೆ ಓಡಿ ಹೋಗ್ತತ್ರಿ, ಸಾಲ್ಯಾಗ ಉಣ್ಣಂಗಿಲ್ಲ. ಆ ಮಾತು ಅಳಸ್ರಿ. ಬರಿಯಾಕ ಬರತೈತಿ ನಿಮಗ, ಅಳಸಾಕ ಬರಂಗಿಲ್ಲೇನು?”

ಮಂಗಳವಾರ ಶಾಲೆಗೆ ಪತ್ರ ಬರೆದೆ. ಅವತ್ತು ಆಕೆಗೆ ಸುಸ್ತಾಗಿದ್ದಕ್ಕೆ ನಮ್ಮ ಮನೆಯ ದ್ರಾಕ್ಷಾರಿಷ್ಟವನ್ನು ತಾನೇ ಎರಡು ಮುಚ್ಚಳ ಕೊಟ್ಟದ್ದಾಗಿ ದೊಡ್ಡಮ್ಮನ ಹೆಸರಿನಲ್ಲಿ. ದೊಡ್ಡಪ್ಪನೂ ಸಹಿ ಹಾಕಲಿ ಎಂದು ಕೇಳಿದಾಗ ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ದೊಡ್ಡಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಸೀರೆ ಬದಲಿಸಿಕೊಂಡು ನನ್ನ ಜೊತೆ ಶಾಲೆಗೂ ಬಂದರು. ಮನೆತನದ ಹೆಂಗಸೊಬ್ಬಳು ಆ ಶಾಲೆಯ ಆಫೀಸಿನ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲಿರಬೇಕು.

ಹೆಡ್‌ಮಾಸ್ತರರು ಪತ್ರವನ್ನು ಎರಡು ಸಲ ಓದಿದರು. “ನಡಾವಳಿ ಅಳಸಾಕ ಬರಂಗಿಲ್ಲರಿ, ಅಮ್ಮಾರ. ಆದ್ರ ಇದನ್ನ ಆ ಪುಟದ ಎದರಿಗೆ ಅಂಟಸ್ತೀನಿ. ಮುಂದಿನ ಸಭೆದಾಗ ಹೊಸ ಠರಾವು ಬರೀತೀವಿ, ಹಿಂದಿನದು ತಪ್ಪು ಅಂತ.” ಮಾತು ತಪ್ಪಲಿಲ್ಲ. ಮುಂದಿನ ಸಭೆಯಲ್ಲಿ ಹೊಸ ಠರಾವಾಯಿತು. ಅದನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳೆದುರು ಅವರೇ ಓದಿದರು. ಅಧ್ಯಕ್ಷರು ಅವತ್ತು ಬಂದಿರಲಿಲ್ಲ. ಆ ಮಗು ಈಗ ಶಾಲೆಯಲ್ಲೇ ಉಣ್ಣುತ್ತದೆಯೋ ಎಂದು ಫೋನಿನಲ್ಲಿ ಕೇಳಿದಾಗ ಅಕ್ಕ, “ಉಣ್ತತ್ರಿ, ಸಾರು ಸಪ್ಪಗೈತಿ ಅಂತತಿ. ನಾ ಮಾಡಿದ್ರ ಹಂಗ ಅಂತಿತ್ತೇನು?” ಅಂದಳು.

ಆ ಮಂಗಳವಾರ ಪತ್ರ ಅಂಟಿಸಲು ಹೆಡ್‌ಮಾಸ್ತರರು ಬೇಸಿಗೆಯ ಪುಟ ತೆರೆದು ಅಂಟು ತರಲು ಒಳಗೆ ಹೋದರು. ದೊಡ್ಡಮ್ಮ ಕಿಟಕಿಯ ಕಡೆ ನೋಡುತ್ತಿದ್ದರು. ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡೆ. ದುಂಡಗಿನ ಕೈಬರಹದಲ್ಲಿ, ಸದರಿ ಅರ್ಜಿದಾರಳ ಬಾಯಿಂದ ವಾಸನೆ ಬರುತ್ತಿದ್ದು, ಮನೆಯ ವಿದ್ಯಾವಂತರೊಬ್ಬರು ಪರೀಕ್ಷಿಸಿ ‘ವೈನ್’ ಎಂದು ತಿಳಿಸಿರುತ್ತಾರೆ ಎಂದಿತ್ತು. ತಂಗಿಯಂತೆ ಇವರಿಗೂ ತಪ್ಪಾಗಿ ಕೇಳಿಸಿರಬಹುದು ಎಂದು ಇನ್ನೂ ವಾದ ಹೂಡುತ್ತಿದ್ದೆ. ಕೆಳಗೆ ಹಾಜರಿದ್ದವರ ಸಹಿಗಳಿದ್ದವು: ಅಧ್ಯಕ್ಷರದು, ದೊಡ್ಡಪ್ಪನದು. ಮೂರನೆಯದು ಹಸಿರು ಶಾಯಿಯಲ್ಲಿತ್ತು. ವಿದ್ಯಾರ್ಥಿಗಳ ಪ್ರಬಂಧ ತಿದ್ದಲು ನಾನು ಹಸಿರು ಶಾಯಿಯ ಪೆನ್ನನ್ನು ಬಳಸುತ್ತೇನೆ. ಜೇಬಿನಿಂದ ಅದನ್ನು ತೆಗೆದು, ಅಂಗೈಯಲ್ಲಿ ಸಹಿ ಹಾಕಿ, ಪುಟದ ಪಕ್ಕಕ್ಕೆ ಹಿಡಿದು ನೋಡಿದೆ. ಪುಟದ ಮೇಲಿನದನ್ನು ಹಾಕಿದ್ದು ಯಾವಾಗ ಎಂಬುದು ನನಗೆ ಇವತ್ತಿಗೂ ನೆನಪಿಲ್ಲ. ಆದರೆ ಆ ಪದದ ಕೆಳಗಿನ ಸಹಿ ನನ್ನದೇ.